ಅತ್ತೆಯ ಸ್ಯಾಂಪಲ್

ಇವತ್ತು ಮಾಡಿದ ಕೆಲಸಗಳು: ಎರಡು ಹಸುಗಳ ಹಾಲು ಕರೆದದ್ದು, ಕ್ಯಾನು ತೊಳೆದು ಡೈರಿಗೆ ಹಾಲು ಹಾಕಿ ಬಂದದ್ದು, ಕೊಟ್ಟಿಗೆ ಗುಡಿಸಿ ಸಗಣಿಯನ್ನು ತಿಪ್ಪೆಗೆ ಹೊತ್ತು ಹಾಕಿದ್ದು, ಯಜಮಾನರಿಗೆ ಮಧ್ಯಾಹ್ನದ ಮುದ್ದೆ ಸಾರು ಮುಚ್ಚಿಟ್ಟದ್ದು, ಅತ್ತೆಗೆ ತಲೆ ಬಾಚಿ ಜಡೆ ಹಾಕಿದ್ದು, ಆಮೇಲೆ ಅತ್ತೆಯ ಮಲವನ್ನು ಒಂದು ಸಣ್ಣ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯೊಳಗೆ ಐಸಿನ ನಡುವೆ ಕೂರಿಸಿ, ಬಂಗಾರಪೇಟೆ ಸ್ಟೇಷನ್ನಿಗೆ ಬಸ್ಸು ಹತ್ತಿದ್ದು. ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ದಿನಾ ಇರುವುದೇ.

ಬೂದಿಕೋಟೆ ರಸ್ತೆಯ ನಮ್ಮ ಊರಿನಲ್ಲಿ ಅತ್ತೆ ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿದ್ದು ಮದುವೆ ಮನೆಗಳಲ್ಲಿ ಮಾತ್ರ, ಅದೂ ಬಾಗಿಲವರೆಗೆ. ಹಾಗಾಗಿ ಅವರ ಎಡಗಾಲಿನ ಹಿಮ್ಮಡಿಯಲ್ಲಿ ಕಪ್ಪು ಕಲೆ ಕಂಡಾಗ ಯಾರೂ ಹೆದರಲಿಲ್ಲ. ಆಣಿ ಎಂದುಕೊಂಡು ಸುಣ್ಣ ಹಚ್ಚಿದರು. ಅದು ಹರಡಿತು, ಒಡೆಯಿತು, ರಕ್ತ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅದಕ್ಕೆ ಚರ್ಮದ ಕ್ಯಾನ್ಸರ್ ಎಂದು ಹೆಸರು ಹೇಳಿ, ಕೊಯ್ದು ತೆಗೆದರು. ಗಾಯ ಮಾಯಿತು, ನಾವು ಮರೆತೆವು. ಆಮೇಲೆ ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ಈಗ ಕೆಲವು ವಾರಗಳಿಗೊಮ್ಮೆ ಅಲ್ಲಿಗೆ ಹೋಗಿ ಡ್ರಿಪ್ಪಿನಲ್ಲಿ ಔಷಧಿ ಹಾಕಿಸಿಕೊಂಡು ಬರುತ್ತಾರೆ. ಹೋದ ವಾರ ಸ್ಕ್ಯಾನ್ ಆಗಿತ್ತು. ಗಡ್ಡೆ ಇಳಿದಿದ್ದರೆ ಔಷಧಿ ಮುಂದುವರಿಯುತ್ತದೆ, ಇಳಿದಿಲ್ಲದಿದ್ದರೆ ಇದನ್ನು ನಿಲ್ಲಿಸಬೇಕು, ಬೇರೆ ದಾರಿಗಳು ಹೆಚ್ಚಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವತ್ತು ಅದನ್ನು ತಿಳಿಯುವ ದಿನ. ಪೆಟ್ಟಿಗೆ ಅದರ ಜೊತೆಗೆ ಬಂದ ಇನ್ನೊಂದು ಕಥೆ.

ಈ ಔಷಧಿ ಗಡ್ಡೆಯನ್ನು ತಾನೇ ಕೊಲ್ಲುವುದಿಲ್ಲವಂತೆ. ನಮ್ಮ ಮೈಯೊಳಗೇ ಕಾವಲಿನ ಪಡೆ ಇದೆ, ಕ್ಯಾನ್ಸರು ಉಪಾಯವಾಗಿ ಅದರ ಬಾಯಿ ಕಟ್ಟಿರುತ್ತದೆ, ಔಷಧಿ ಆ ಕಟ್ಟು ಬಿಚ್ಚುತ್ತದೆ ಎಂದು ಡಾಕ್ಟರು ವಿವರಿಸಿದಾಗ ಅತ್ತೆ ತಲೆಯಾಡಿಸಿದರು. ಕಣ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಕಟ್ಟುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಊರಿಗೆ ಬಂದು, ನನ್ನ ಕುಕ್ಕೆ ಬಿಚ್ಚಿಸಿಕೊಂಡು ಬಂದೆ ಎಂದು ಬೀದಿಗೆಲ್ಲ ಹೇಳಿದರು. ಅವರ ಬಾಯಿಗೆ ಕುಕ್ಕೆ ಯಾವತ್ತು ಇತ್ತು ಎಂದು ಯಜಮಾನರು ಕೇಳಿದ್ದಕ್ಕೆ ಅವತ್ತು ಅವರ ಮುದ್ದೆಗೆ ತುಪ್ಪ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗಿ ಇದ್ದಾಳೆ. ನಗುಮುಖದವಳು. ಅವಳು ಅತ್ತೆಯ ಪಕ್ಕ ಕೂತು ಹೇಳಿದ್ದು ಇಷ್ಟು. ನಮ್ಮ ಹೊಟ್ಟೆಯಲ್ಲಿ, ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಲೆಕ್ಕವಿಲ್ಲದಷ್ಟಿವೆ. ಅವು ಸುಮ್ಮನೆ ಬಾಡಿಗೆಗಿಲ್ಲ, ಕಾವಲು ಪಡೆಯ ಜೊತೆ ಅವಕ್ಕೆ ಮಾತುಕತೆ ಇದೆ. ಒಂದೇ ಔಷಧಿ ಒಬ್ಬರಿಗೆ ಹತ್ತುತ್ತದೆ, ಇನ್ನೊಬ್ಬರಿಗೆ ಹತ್ತುವುದಿಲ್ಲ. ಇದರಲ್ಲಿ ಹೊಟ್ಟೆಯ ಜೀವಿಗಳ ಕೈವಾಡ ಎಷ್ಟು, ಚರ್ಮದ ಮೇಲಿನವುಗಳದ್ದು ಎಷ್ಟು ಎಂದು ಈಗ ಲೋಕದ ಎಷ್ಟೋ ಕಡೆ ಹುಡುಕುತ್ತಿದ್ದಾರೆ. ಕೆಲವು ಕಡೆ ಔಷಧಿ ಹತ್ತಿದವರ ಮಲದಿಂದ ಆ ಜೀವಿಗಳನ್ನು ತೆಗೆದು, ಹತ್ತದವರ ಹೊಟ್ಟೆಗೆ ಸೇರಿಸಿಯೂ ನೋಡುತ್ತಿದ್ದಾರೆ.

ನಾನು ಸೆರಗಿನಿಂದ ಮೂಗು ಮುಚ್ಚಿದೆ. ಅತ್ತೆ ಮುಚ್ಚಲಿಲ್ಲ. ಅವರು ಅಂದರು, "ಪಕ್ಕದ ಮನೆಯಿಂದ ಎಪ್ಪು ಈಸ್ಕೊಂಡ್ ಬಂದಂಗೆ."

ಹುಡುಗಿ ಹೆಚ್ಚುಕಮ್ಮಿ ಹಾಗೇ ಎಂದಳು. ಹೆಪ್ಪು ಹಾಕಿದರೆ ಮೊಸರಾಗಿಯೇ ಆಗುತ್ತದೆ ಎಂದು ಇಲ್ಲಿ ಇನ್ನೂ ಹೇಳುವಂತಿಲ್ಲ, ನೀವಾಗಿಯೇ ಅಂಗಡಿಯಿಂದ ಮಾತ್ರೆ ಗೀತ್ರೆ ತಂದು ನುಂಗಬೇಡಿ ಎಂದೂ ಸೇರಿಸಿದಳು. ಅವಳು ಎಲ್ಲಕ್ಕಿಂತ ಹೆಚ್ಚು ಸಲ ಆಡುವ ಮಾತು "ಇನ್ನೂ ಗೊತ್ತಿಲ್ಲ" ಎಂಬುದು. ಅತ್ತೆಗೆ ಅವಳ ಮೇಲೆ ನಂಬಿಕೆ ಬಂದದ್ದೂ ಅದರಿಂದಲೇ. ಮಲದ ಸ್ಯಾಂಪಲ್ ಒಂದು, ಎರಡೂ ಹಿಮ್ಮಡಿಗಳ ಮೇಲೆ ಹತ್ತಿಕಡ್ಡಿ ಒರೆಸಿ ತೆಗೆಯುವ ಸ್ಯಾಂಪಲ್ ಒಂದು, ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಒಪ್ಪಿಕೊಂಡು ಹೆಬ್ಬೆಟ್ಟು ಒತ್ತಿದರು.

ಸ್ಯಾಂಪಲ್ ಎಂಬ ಮಾತು ನಮ್ಮ ಕಡೆ ಹಗುರವಾದದ್ದಲ್ಲ. ಡೈರಿಯಲ್ಲಿ ಸೆಕ್ರೆಟರಿ ಮೊದಲು ಕ್ಯಾನಿನ ಬಾಯಿಗೆ ಮೂಗಿಟ್ಟು ನೋಡುತ್ತಾನೆ, ಆಮೇಲೆ ಸಣ್ಣ ಸೀಸೆಯಲ್ಲಿ ಸ್ಯಾಂಪಲ್ ತೆಗೆದು, ಹಾಲಿನ ಕೊಬ್ಬು, ಅಂದರೆ ಫ್ಯಾಟ್ ಅಳೆಯುವ ಮಿಷನ್ನಿಗಿಡುತ್ತಾನೆ. ಸರಿಯಿಲ್ಲದಿದ್ದರೆ ಇಡೀ ಸಾಲಿನ ಮುಂದೆ ಹಾಲು ವಾಪಸ್. ಅತ್ತೆಯ ಹಾಲು ಜನ್ಮದಲ್ಲಿ ವಾಪಸ್ ಬಂದಿಲ್ಲ, ಅವರ ವಾರಗಿತ್ತಿಯದು ಬಂದಿದೆ. ಇದು ನಮ್ಮ ಮನೆತನದ ಚರಿತ್ರೆ.

ಆದ್ದರಿಂದ ಮೊದಲ ಸಲ ಸ್ಯಾಂಪಲ್ ಕೊಡುವ ದಿನ ಹತ್ತಿರ ಬಂದಂತೆ ಅತ್ತೆ ತಯಾರಿ ನಡೆಸಿದರು. ಬೆಳ್ಳುಳ್ಳಿ ಬಿಟ್ಟರು, ಮುದ್ದೆ ಬಿಟ್ಟರು, ಗಂಜಿ ಕುಡಿದರು. ಹಿಂದಿನ ದಿನ ನನಗೆ ತಿಳಿಯದ ಹಾಗೆ ಹರಳೆಣ್ಣೆ ಕುಡಿದು ಹೊಟ್ಟೆಯನ್ನು ತೊಳೆದ ಕ್ಯಾನಿನಂತೆ ಮಾಡಿಕೊಂಡರು. ಬೆಳಿಗ್ಗೆ ಹಿಮ್ಮಡಿಗಳನ್ನು ಕಲ್ಲಿನಿಂದ ತಿಕ್ಕಿ, ಸೋಪು ಹಚ್ಚಿ, ಅರಿಸಿನ ಬಳಿದುಕೊಂಡರು. ಹೊರಡುವ ಹೊತ್ತಿಗೆ ಕೊಡಲು ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಖಾಲಿ ಡಬ್ಬಿಯನ್ನು ಐಸಿನಲ್ಲಿಟ್ಟುಕೊಂಡೇ ಹೋದೆವು.

ಹುಡುಗಿ ಹಳದಿ ಹಿಮ್ಮಡಿಗಳನ್ನೂ ಖಾಲಿ ಡಬ್ಬಿಯನ್ನೂ ನೋಡಿ, ಏನಜ್ಜಿ ಇದು ಎಂದಳು. ಅತ್ತೆಗೆ ಅವಳ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಕ್ಯಾನ್ ತೊಳೀದಂಗೆ ಡೈರಿಗೆ ಆಲ್ ಆಕ್ತಾರೇನಮ್ಮ?"

ಅವಳು ನಕ್ಕದ್ದಕ್ಕೆ ಕುರ್ಚಿ ಹಿಂದಕ್ಕೆ ಸರಿಯಿತು. ಕಣ್ಣೊರೆಸಿಕೊಂಡು, ಇದರಲ್ಲಿ ಪಾಸು ಫೇಲು ಇಲ್ಲ, ನೀವು ದಿನಾ ಹೇಗಿರ್ತೀರೋ ಹಾಗೇ ಬೇಕು, ಇನ್ನೊಂದು ಸಲ ಬನ್ನಿ, ಅಲ್ಲಿಯವರೆಗೆ ದಿನದ ಊಟ ಮಾಡಿ, ಕೊನೆಯ ಎರಡು ದಿನ ಹಿಮ್ಮಡಿಗೆ ಸೋಪು ಮುಟ್ಟಿಸಬೇಡಿ ಎಂದಳು. ದಿನಾ ಏನು ತಿನ್ನುತ್ತೀರಿ ಎಂದು ಕೇಳುತ್ತಾ ಹೋದಳು. ಮುದ್ದೆ, ಸೊಪ್ಪಿನ ಸಾರು, ಅವರೆಕಾಳು, ಮಜ್ಜಿಗೆ. ನಾರಿನಂಶ ಇರುವ ಊಟ ಒಳ್ಳೆಯದೇ ಅಂತ ಕಾಣುತ್ತದೆ ಎಂದಳು. ಮತ್ತೆ? ಅತ್ತೆ ನನ್ನ ಮುಖ ನೋಡಿದರು, ಸೂರು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ಬಂಗಾರಪೇಟೆಗೆ ಬೂಸಾ ತರಲು ಹೋದಾಗಲೆಲ್ಲ ಒಂದು ಪ್ಲೇಟು ಪಾನಿಪುರಿ ಎಂದರು. ಮದುವೆಯಾಗಿ ಬಂದಾಗಿನಿಂದ ಒಂದೇ ಸೂರಿನ ಕೆಳಗಿದ್ದೇವೆ, ನನಗೆ ಗೊತ್ತೇ ಇರಲಿಲ್ಲ.

ಆಮೇಲಿನ ದಿನಗಳಷ್ಟು ಕಷ್ಟದ ದಿನಗಳನ್ನು ನಾನು ಕಂಡಿಲ್ಲ. ಮಾಮೂಲಿಯಾಗಿರುವುದು ಬೇಕೆಂದು ಮಾಡಿದರೆ ಬರುವಂಥದ್ದಲ್ಲ. ಒಂದು ಬೆಳಿಗ್ಗೆ ಚಿತ್ರಾನ್ನ ಕಲಸಿದರೆ, ನಾನು ಮಂಗಳವಾರ ಚಿತ್ರಾನ್ನ ತಿನ್ನುತ್ತೀನಾ ಎಂದು ತಟ್ಟೆ ತಳ್ಳಿದರು. ಯಜಮಾನರು ಪ್ರೀತಿಯಿಂದ ಸೇಬು ತಂದರೆ, ಸ್ಯಾಂಪಲ್ ಕೆಡಿಸುತ್ತಾನೆ ಎಂದು ಹಸುವಿಗೆ ಹಾಕಿಸಿದರು. ಕೊನೆಯ ಎರಡು ದಿನ ಹಿಮ್ಮಡಿಗಳನ್ನು ನೆಲಕ್ಕೆ ತಾಕಿಸದೆ ತುದಿಗಾಲಲ್ಲಿ ನಡೆದರು. ಹೊಸದಾಗಿ ಮದುವೆಯಾದ ನೆಂಟರ ಹುಡುಗಿ ಕಾಲಿಗೆ ಬೀಳಲು ಬಗ್ಗಿದಾಗ ಎರಡೂ ಕಾಲುಗಳನ್ನು ಮಂಚದ ಮೇಲೆ ಎಳೆದುಕೊಂಡು, ಆಶೀರ್ವಾದ ಐತೆ ತಗೋ, ಕಾಲು ಮಾತ್ರ ಇಲ್ಲ ಎಂದರು. ಆ ಹುಡುಗಿಗೆ ಇದನ್ನು ವಿವರಿಸಲು ನನಗೆ ಎರಡು ಲೋಟ ಕಾಫಿ ಬೇಕಾಯಿತು.

ಹೀಗೆ ಕಾಪಾಡಿಕೊಂಡ ಸ್ಯಾಂಪಲ್ಲೇ ಇವತ್ತಿನ ಪೆಟ್ಟಿಗೆಯಲ್ಲಿದ್ದದ್ದು. ನನ್ನ ಅಕ್ಕ ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ, ಚಿನ್ನದ ಗಣಿ ಕೆಲಸದವರಿಗೆ ಕಟ್ಟಿದ್ದ ಹಳೆಯ ಲೈನ್ ಮನೆಯಲ್ಲಿದ್ದಾಳೆ, ಬೆಂಗಳೂರಿನ ಒಂದು ಹಾಸ್ಟೆಲ್ಲಿನ ಅಡುಗೆಮನೆಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಗಾಡಿ ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿರುತ್ತದೆಂದು ಅವಳು ಅಲ್ಲಿಂದಲೇ ಟವೆಲ್ ಹಾಸಿ ನಮಗೆ ಸೀಟು ಹಿಡಿದಿದ್ದಳು. ಇಂಗೆ ವಾಂಗೊ ಅತ್ತೆ ಎಂದು ಕೆ.ಜಿ.ಎಫ್. ತಮಿಳಿನಲ್ಲಿ ಕರೆದು, ಕೂತ ಮೇಲೆ ಕನ್ನಡಕ್ಕೆ ಬಂದಳು. ಹೆಪ್ಪಿನ ಸುದ್ದಿ ಅವಳಿಗೆ ಮೊದಲೇ ಹೇಳಿದ್ದೆ. ಒಂದು ವೇಳೆ ಈಸಿಕೊಳ್ಳಬೇಕಾಗಿ ಬಂದರೆ ಯಾರ ಹೆಪ್ಪು ಬೇಕು ಎಂದು ಅತ್ತೆಯನ್ನು ಕೇಳಿದಳು.

"ಯಾರ್ದಾದ್ರೂ ಆಗ್ಲಿ, ನಮ್ ವಾರಗಿತ್ತೀದ್ ಮಾತ್ರ ಬ್ಯಾಡ ಕಣಮ್ಮಿ. ಆವಮ್ಮನ್ ಮನೇಲಿ ಮೊಸ್ರೂ ನೆಟ್ಟಗೆ ಆಗಲ್ಲ."

ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದಳು. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಳು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಅತ್ತೆ ನೆಟ್ಟಗೆ ಕೂತು, "ಡೈರಿ ಸ್ಯಾಂಪಲ್" ಎಂದರು.

"ಫ್ಯಾಟ್ ಎಷ್ಟ್ ಬತ್ತದೆ?"

"ಇನ್ನೂ ನೋಡ್ಬೇಕು."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಕ್ಕನ ಬೆನ್ನು ಅಲುಗುತ್ತಲೇ ಇತ್ತು. ಆ ಹೆಂಗಸು ಇಳಿಯುವಾಗ ಒಂದು ಹಿಡಿ ಅವರೆಕಾಳನ್ನು ಅತ್ತೆಯ ಉಡಿಗೆ ಹಾಕಿ, ಒಳ್ಳೆ ಫ್ಯಾಟ್ ಬರಲಿ ಎಂದು ಹಾರೈಸಿ ಹೋದಳು.

ಆಸ್ಪತ್ರೆಯಲ್ಲಿ ಹುಡುಗಿ ಪೆಟ್ಟಿಗೆ ತೆಗೆದುಕೊಂಡಳು, ಹಿಮ್ಮಡಿಗಳ ಮೇಲೆ ಕಡ್ಡಿ ಆಡಿಸಿದಳು, ಈ ಸಲ ಚೆನ್ನಾಗಿದೆ ಎಂದಳು. ಅಲ್ಲಿಯವರೆಗೆ ನಗು ಇತ್ತು. ಡಾಕ್ಟರ ಬಾಗಿಲಿನ ಮುಂದಿನ ಬೆಂಚಿನಲ್ಲಿ ಕೂತ ಮೇಲೆ ಅದು ಎಲ್ಲಿ ಹೋಯಿತೋ. ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈಯಲ್ಲಿ ಕೆಚ್ಚಲಿಗೆ ಹಚ್ಚುವ ಬೆಣ್ಣೆಯ ವಾಸನೆ ಇತ್ತು. ಹೆಸರು ಕೂಗುವವರೆಗೆ ಬಿಡಲಿಲ್ಲ.

ಡಾಕ್ಟರು ಹಳೆಯ ಸ್ಕ್ಯಾನು, ಹೊಸ ಸ್ಕ್ಯಾನು ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲಿನದರಲ್ಲಿ ನೆಲ್ಲಿಕಾಯಿಯಂಥದ್ದು, ಈಗಿನದರಲ್ಲಿ ಅವರೆಕಾಳಿನಂಥದ್ದು. ಗಡ್ಡೆ ಇಳಿದಿದೆ, ಹೊಸದೇನೂ ಕಾಣುತ್ತಿಲ್ಲ, ಇದೇ ಔಷಧಿ ಮುಂದುವರಿಸೋಣ ಎಂದರು. ಪೂರ್ತಿ ಹೋಯಿತು ಎಂದಲ್ಲ, ನೋಡುತ್ತಾ ಇರಬೇಕು ಎಂದೂ ಹೇಳಿದರು. ಅತ್ತೆ ಚಿತ್ರವನ್ನು ನೋಡಿ ಅಂದರು.

"ಅಂಗಾದ್ರೆ ನಮ್ ಆಲು ವಾಪಸ್ ಬರ್ಲಿಲ್ಲ ಅನ್ನಿ."

ಡಾಕ್ಟರು ನಮ್ಮ ಹಿಂದೆಯೇ ಒಳಗೆ ಬಂದಿದ್ದ ಹುಡುಗಿಯ ಕಡೆ ನೋಡಿದರು. ಅವಳು ನಗುತ್ತಾ ವಿವರಿಸಿದಳು. ಅವರು ಕನ್ನಡಕ ತೆಗೆದು, "ಇಲ್ಲ ಅಜ್ಜಿ, ಈ ಸಲ ವಾಪಸ್ ಇಲ್ಲ" ಎಂದರು.

ಇದು ನನ್ನ ಹೊಟ್ಟೆಯ ಹೆಪ್ಪಿನಿಂದಲೇ ಆದದ್ದಾ ಎಂದು ಅತ್ತೆ ಹುಡುಗಿಯನ್ನು ಕೇಳಿದರು. ಅವಳು ಎಂದಿನ ಉತ್ತರವನ್ನೇ ಕೊಟ್ಟಳು, ಇನ್ನೂ ಗೊತ್ತಿಲ್ಲ, ಅದಕ್ಕೇ ಹುಡುಕುತ್ತಿರುವುದು. ನಾನು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಅತ್ತೆ ಡಾಕ್ಟರ ಹತ್ತಿರ ಪಾನಿಪುರಿಯ ವಿಷಯ ಎತ್ತಿದರು. ನೀರು ಶುದ್ಧ ಎಂದು ಗೊತ್ತಿರುವ ಕಡೆ, ಅಪರೂಪಕ್ಕೆ, ಒಂದೇ ಪ್ಲೇಟು ಎಂದು ಅವರು ಚೀಟಿ ಬರೆಯುವ ಗಾಂಭೀರ್ಯದಲ್ಲಿ ಹೇಳಿದರು.

ಅಕ್ಕನಿಗೆ ಫೋನು ಮಾಡಿದೆ. ಹಿಂದೆ ಪಾತ್ರೆಗಳ ಸದ್ದು, ಅದರ ನಡುವೆ ಅವಳು ಯಾವ ಭಾಷೆಯಲ್ಲಿ ಅತ್ತಳೋ ತಿಳಿಯಲಿಲ್ಲ. ಮರಳುವ ಗಾಡಿಯಲ್ಲಿ ನನಗೂ ಅತ್ತೆಗೂ ಕಾರಣವಿಲ್ಲದೆ ನಗು ಬರುತ್ತಿತ್ತು. ಟಿ.ಟಿ. ಬಂದು ಟಿಕೆಟ್ ಕೇಳಿದರೂ ನಗು.

ಬಂಗಾರಪೇಟೆಯಲ್ಲಿ ಇಳಿದು ಅತ್ತೆ ನನಗಿಂತ ಮುಂದೆ ನಡೆದರು, ಹಿಮ್ಮಡಿ ಊರಿಕೊಂಡು. ಪಾನಿಪುರಿ ಅಂಗಡಿಯವನು ಅವರನ್ನು ಕಂಡವನೇ, ಎಲ್ಲಿದ್ರಮ್ಮ ಇಷ್ಟು ದಿನ ಎಂದು ಕೇಳಿ, ಕೇಳದೆಯೇ ಈರುಳ್ಳಿ ಜಾಸ್ತಿ ಹಾಕಿದ. ಶುದ್ಧ ನೀರು ತಾನೇ ಎಂದು ನಾನು ವಿಚಾರಿಸಿದ್ದಕ್ಕೆ ಫಿಲ್ಟರ್ ನೀರಿನ ಕ್ಯಾನು ತೋರಿಸಿದ. ಬಂಗಾರಪೇಟೆಯ ಪಾನಿಗೆ ಬಣ್ಣವಿಲ್ಲ, ಕುಡಿಯುವ ನೀರಿನಷ್ಟು ತಿಳಿ, ನಾಲಿಗೆಗೆ ತಾಕಿದಾಗಲೇ ಖಾರ ಗೊತ್ತಾಗುವುದು. ಅತ್ತೆಯ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದರು.

ಮನೆಗೆ ಬಂದಾಗ ಯಜಮಾನರು ಸಂಜೆಯ ಹಾಲು ಹಾಕಿ ಬಂದು ಹೊಸ್ತಿಲಲ್ಲಿ ಕೂತಿದ್ದರು. ಬಸ್ಸಿನಿಂದಲೇ ಸುದ್ದಿ ಹೇಳಿದ್ದೆ, ಆದರೂ ತಾಯಿಯ ಬಾಯಿಂದ ಇನ್ನೊಮ್ಮೆ ಕೇಳಿಸಿಕೊಂಡರು. ರೈಲಿನಲ್ಲಿ ಸಿಕ್ಕಿದ ಅವರೆಕಾಳಿಗೆ ಮನೆಯಲ್ಲಿದ್ದ ಆಲೂಗಡ್ಡೆ ಸೇರಿಸಿ ಸಾರು ಮಾಡಿದೆ. ಮುದ್ದೆ, ಅವರೆಕಾಳು ಸಾರು, ಮಜ್ಜಿಗೆ ಉಂಡೆವು, ಯಜಮಾನರ ಮುದ್ದೆಗೆ ಇವತ್ತು ತುಪ್ಪ ಬಿತ್ತು. ಗಡ್ಡೆ ಕಂಡಂದಿನಿಂದ ಅತ್ತೆ ಎಲ್ಲರಿಗಿಂತ ಕೊನೆಗೆ ಕಣ್ಣು ಮುಚ್ಚುತ್ತಿದ್ದವರು. ಇವತ್ತು ನಾನು ಹಾಲಿಗೆ ಹೆಪ್ಪು ಹಾಕಿ ಬರುವಷ್ಟರಲ್ಲಿ, ಕಾಲೂ ತೊಳೆಯದೆ, ಮಂಚದ ಮೇಲೆ ಮೊದಲು ನಿದ್ದೆ ಹೋದವರು ಅವರೇ.