ಎರಡು ಮಂಕರಿ ಮರಳು

ಮೊನ್ನೆ ಬಿಳಿಕೆರೆಯ ಗೊಬ್ಬರದಂಗಡಿಯಲ್ಲಿ ಹರಳು ಔಷಧಿಯ ಪೊಟ್ಟಣವೊಂದು ಹರಿದು ನೆಲಕ್ಕೆ ಚೆಲ್ಲಿತು. ಹೊಗೆಸೊಪ್ಪಿನ ಸಸಿಮಡಿಗೆ ಹುಳ ಬೀಳದಿರಲೆಂದು ಉದುರಿಸುತ್ತೇವಲ್ಲ, ಅದೇ ಔಷಧಿ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಂಗಡಿಯವನು, "ಯಾಕಕ್ಕ, ತಲೆ ಸುತ್ತುತಾ? ವಸಿ ಆಚೆ ನಿಂತ್ಕಳಿ" ಎಂದ. ಆಚೆ ನಿಂತೆ. ಎಷ್ಟು ದೂರ ನಿಂತರೂ ಆ ವಾಸನೆ ನನ್ನನ್ನು ಬಿಡುವುದಿಲ್ಲವೆಂದು ಅವನಿಗೇನು ಗೊತ್ತು...

ಹಿತ್ತಲಾಚೆಯ ಚಿಕ್ಕವ್ವ ನನಗೆ ನೆಂಟಳೇನಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಒಂದು ಕಳ್ಳಿಬೇಲಿ, ಬೇಲಿಯಲ್ಲೊಂದು ಕಂಡಿ ಇತ್ತು. ಅವಳ ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಪಿರಿಯಾಪಟ್ಟಣದ ಕಡೆಗೆ ಕೊಟ್ಟಿದ್ದಳು. ಹೊತ್ತುಗೊತ್ತಿಲ್ಲದೆ ನಶ್ಯ ಏರಿಸಿ ಏರಿಸಿ ಅವಳ ಮೂಗು ಸತ್ತೇ ಹೋಗಿತ್ತು. ಅವಳ ಒಲೆಯ ಮೇಲೆ ಸಾರು ಸೀದರೆ ನಾನು ಈಚೆಯಿಂದ ಕೂಗಿ ಹೇಳಬೇಕಿತ್ತು. ನನಗೆ ತಾಯಿಯಿಲ್ಲ. ಅತ್ತೆಯೋ, ಅವರು ಪಿಸುಗುಟ್ಟಿದರೂ ಮೂರು ಬೀದಿಗೆ ಕೇಳುತ್ತಿತ್ತು. ಆ ಮನೆಯಲ್ಲಿ ನನಗಿದ್ದ ತವರೆಂದರೆ ಆ ಕಂಡಿಯೇ.

ಆ ವರ್ಷ ಚಿಕ್ಕವ್ವನ ಮಗಳು ಚೊಚ್ಚಲ ಬಸುರಿ. ನಮ್ಮ ಕಡೆ ಬಾಣಂತಿಗೆ ನಾಟಿಕೋಳಿ ಸಾರು ಬಡಿಸದಿದ್ದರೆ ಅದು ಬಾಣಂತನವೇ ಅಲ್ಲ. ಮಗಳಿಗೆಂದೇ ಚಿಕ್ಕವ್ವ ಹನ್ನೊಂದು ಕೋಳಿ ಸಾಕಿದ್ದಳು. ಯಾವುದು ಯಾವ ವಾರಕ್ಕೆ ಎಂಬುದನ್ನೂ ಗೊತ್ತುಮಾಡಿಟ್ಟಿದ್ದಳು. "ಈ ಕರೀದು ಎಳೇದು ಕಣವ್ವ, ಮೊದ್ಲು ಇದೇಯ. ಅಗೋ ಆ ಹುಂಜ, ಅದು ಮಗ ಕತ್ತು ನಿಲ್ಸೋ ಹೊತ್ಗೆ" ಎಂದು ತೋರಿಸುವಾಗ ಅವಳ ಮುಖ ನೋಡಬೇಕಿತ್ತು. ಕೊಡಲು ಅವಳ ಬಳಿ ಬೇರೇನೂ ಇರಲಿಲ್ಲ.

ಸಸಿ ನಾಟಿ ಮುಗಿದು, ಒಂದೆರಡು ಮಳೆ ಬಿದ್ದಿತ್ತು. ಒಂದು ಮಧ್ಯಾಹ್ನ ಕಂಡಿಯಲ್ಲಿ ಚಿಕ್ಕವ್ವನ ತಲೆ ಕಂಡಿತು.

"ಎರಡು ಮಂಕರಿ ಮರಳು ಕೊಡವ್ವ. ಚುಕ್ಕೆಕೋಳಿ ಕಾವಿಗೆ ಕೂರುಸ್ಬೇಕು. ಮಿಕ್ಕಿದ್ದ ಗೂಡಿಗೆ ಸುರೀತೀನಿ, ಮಳೆಗೆ ಕೆಸರಾಗೋಗೈತೆ."

ಕಾವಿಗೆ ಕೂರಿಸುವಾಗ ಬುಟ್ಟಿಗೆ ಮರಳು ಹಾಸಿ, ಮೇಲೆ ಮೊಟ್ಟೆಯಿಟ್ಟು, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನು ಜೊತೆಗಿಡುವುದು ನಮ್ಮಲ್ಲಿ ರೂಢಿ. ಮರಳು ನಮ್ಮ ಕೊಟ್ಟಿಗೆಯಲ್ಲಿ ಎರಡು ಚೀಲ ಇತ್ತು. ಒಂದರಲ್ಲಿ ಬರೀ ಮರಳು. ಇನ್ನೊಂದರಲ್ಲಿ ಸಸಿಮಡಿಗೆ ಹಾಕಿ ಮಿಕ್ಕಿದ್ದು. ಹರಳು ಔಷಧಿಯನ್ನು ಹಾಗೇ ಎರಚಿದರೆ ಒಂದೇ ಕಡೆ ಬೀಳುತ್ತದೆಂದು ನಾವೆಲ್ಲ ಅದನ್ನು ಮರಳಿಗೆ ಬೆರೆಸಿ ಉದುರಿಸುತ್ತೇವೆ. ಮಿಕ್ಕಿದರೆ ಎಸೆಯುವ ಪೈಕಿಯಲ್ಲ ನಾವು. ಮುಂದಿನ ಸಲಕ್ಕಾದೀತೆಂದು ಬಾಯಿ ಕಟ್ಟಿ ಇಡುತ್ತೇವೆ. ಎರಡೂ ಒಂದೇ ಥರದ ಗೊಬ್ಬರದ ಚೀಲ. ಸಸಿ ಕಾಲ ಮುಗಿದಿದ್ದರೂ ನಮ್ಮ ಗೋಡೆ, ಸೀರೆ, ಉಣ್ಣುವ ಅನ್ನ ಎಲ್ಲವೂ ಅದೇ ವಾಸನೆ ಹೊಡೆಯುತ್ತಿದ್ದುದರಿಂದ ಮೂಗೂ ಎಚ್ಚರಿಸಲಿಲ್ಲ. ಒಳಗಿಂದ ಅತ್ತೆ ಕೂಗುತ್ತಿದ್ದರು. ಕೈಗೆ ಸಿಕ್ಕ ಚೀಲ ಬಿಚ್ಚಿ ಎರಡು ಮಂಕರಿ ತುಂಬಿಕೊಟ್ಟೆ.

ಮಾರನೆಯ ದಿನ ಮೂರು ಕೋಳಿ ಸತ್ತವು. ಬೆಳಿಗ್ಗೆ ಕೆದಕಿಕೊಂಡಿದ್ದವು, ಹೊತ್ತೇರುವಷ್ಟರಲ್ಲಿ ಕಾಲು ಸೆಟೆದು, ಕೊಕ್ಕಿನಲ್ಲಿ ನೊರೆ. ಅದರ ಮರುದಿನ ಇನ್ನು ಮೂರು. ಚುಕ್ಕೆಕೋಳಿ ಮಾತ್ರ ಬುಟ್ಟಿಯಲ್ಲಿ ಅಲುಗದೆ ಕೂತಿತ್ತು. ಕಾವಿನ ಕೋಳಿಯನ್ನು ಕದಲಿಸಬಾರದೆಂದು ಚಿಕ್ಕವ್ವ ಒಂದಿಡೀ ದಿನ ಅದರ ಮುಂದೆ ಅಕ್ಕಿನುಚ್ಚು, ನೀರು ಇಟ್ಟು ಕಾದಳು. ಕೊನೆಗೆ ಮುಟ್ಟಿ ನೋಡಿದರೆ ಅದು ಮೊಟ್ಟೆಗಳ ಮೇಲೆಯೇ ಸತ್ತು ತಣ್ಣಗಾಗಿತ್ತು.

ಟಿವಿಯಲ್ಲಿ ಹಕ್ಕಿಜ್ವರದ ಸುದ್ದಿ ಓಡುತ್ತಿದ್ದ ದಿನಗಳು. ನಮ್ಮ ಅತ್ತೆಗೆ ಅಷ್ಟು ಸಾಕಾಯಿತು. "ಕಾಯ್ಲೆ ಬಂದೈತೆ ಕಣ್ರಪ್ಪೋ, ಆ ಮನೆ ತಾವ್ಕೆ ಯಾರೂ ವೋಗ್ಬೇಡಿ!" ಎಂದು ಬೀದಿಯಲ್ಲಿ ಸಾರಿಯೇಬಿಟ್ಟರು. ಬೀದಿಯವರೆಲ್ಲ ನಿಂತು, ಸತ್ತವನ್ನು ಸುಣ್ಣ ಹಾಕಿ ಹೂಳಿಸಿದರು. ಹೀಗಾಗಿ ದನದ ಡಾಕ್ಟರು ಬಂದಾಗ ಕೊಯ್ದು ನೋಡಲು ಒಂದೂ ಇರಲಿಲ್ಲ.

ಡಾಕ್ಟರು ಒಳ್ಳೆಯವರು, ಸಮಾಧಾನದಿಂದ ಕೇಳಿದರು: "ಏನಾದ್ರೂ ಹೊಸದು ತಿಂದಿವೆಯಾ? ಅಕ್ಕಪಕ್ಕ ಔಷಧಿ ಹೊಡೆದಿದ್ದೀರಾ?" ಚಿಕ್ಕವ್ವ, "ರಾಗಿ, ನುಚ್ಚು... ಇನ್ನೇನಾಕಾನೆ ಸ್ವಾಮಿ" ಎಂದಳು. ಅತ್ತೆ ಬೇಲಿ ಮೇಲಿಂದಲೇ, "ನಮ್ಮ ಸಸಿ ಕಿತ್ತು ತಿಂಗ್ಳಾಯ್ತು!" ಎಂದರು.

ಔಷಧಿ ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ಎರಡು ಚೀಲದ ನೆನಪಾದದ್ದು. ಕೊಟ್ಟಿಗೆಗೆ ಓಡಿದೆ. ಬರೀ ಮರಳಿನ ಚೀಲ ತುಂಬಿಕೊಂಡು ಕಟ್ಟಿದ ಹಾಗೇ ಇತ್ತು. ಬಾಯಿ ಬಿಚ್ಚಿದ್ದದ್ದು ಇನ್ನೊಂದು.

ಈಚೆ ಬರುವಷ್ಟರಲ್ಲಿ ಡಾಕ್ಟರು ಹೇಳುತ್ತಿದ್ದರು, ಉಳಿದ ನಾಲ್ಕನ್ನು ಗೂಡು ಬಿಟ್ಟು ಕದಲಿಸಬೇಡಿ. ಗೂಡಿನ ತುಂಬ ನಾನು ಕೊಟ್ಟ ಮರಳು! ನಾಲಿಗೆಯ ತುದಿಗೆ ಬಂತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಊರಿಗೆಲ್ಲ ಕಾಯಿಲೆ ಎಂದು ಸಾರಿದವರ ಸೊಸೆಯೇ ವಿಷ ಕೊಟ್ಟಳೆಂದರೆ ಆ ಮನೆಯಲ್ಲಿ ನನ್ನ ಗತಿಯೇನು? ನುಂಗಿಕೊಂಡೆ. ನಾನು ಹೇಡಿ, ಅದಕ್ಕೆ ಬೇರೆ ಹೆಸರಿಲ್ಲ.

ಬೆಳಗಾದ ಮೇಲೆ ಹೇಗಾದರೂ ನುಸುಳಿ ಗೂಡಿನ ಬಾಗಿಲು ತೆಗೆದುಬಿಡೋಣವೆಂದು ಹಿತ್ತಲಿಗೆ ಹೋದರೆ, ಅತ್ತೆ ಕಂಡಿಗೆ ಜಾಲಿಮುಳ್ಳು ತುಂಬಿ ಮುಚ್ಚಿಸಿದ್ದರು. ಆಚೆ ನಾಲ್ಕು ಕೋಳಿ ಗೂಡಿನ ಹಲಗೆ ಕುಕ್ಕುತ್ತಿದ್ದವು. ಈಚೆ ನಾನು ಮುಳ್ಳು ಹಿಡಿದು ನಿಂತಿದ್ದೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಚಿಕ್ಕವ್ವ ಪಾತ್ರೆ ಬೆಳಗುತ್ತಿದ್ದಳು. ಕೂಗಲಿಲ್ಲ... ಸಂಜೆಗೆ ಕುಕ್ಕುವ ಸದ್ದು ನಿಂತಿತು.

ಕೋಳಿಯೊಂದಿಗೆ ಮುಗಿದಿದ್ದರೆ ಆಗಿತ್ತು. ಕಾಯಿಲೆಯ ಸುದ್ದಿ ಪಿರಿಯಾಪಟ್ಟಣಕ್ಕೂ ಹೋಯಿತು. ಅಂಥ ಮನೆಗೆ ಬಸುರಿಯನ್ನು ಕಳಿಸುವುದಿಲ್ಲ, ಬಾಣಂತನ ಇಲ್ಲೇ ಆಗಲಿ ಎಂದು ಬೀಗರು ಹೇಳಿಕಳಿಸಿದರು. ಚಿಕ್ಕವ್ವ ಹೊಲಿದಿಟ್ಟಿದ್ದ ಕುಲಾವಿ, ಹರಿದಿಟ್ಟಿದ್ದ ಹಳೆ ಸೀರೆ ಎಲ್ಲ ಪೆಟ್ಟಿಗೆಯಲ್ಲೇ ಉಳಿದವು. ನಾನು ಒಂದು ಮಾತು ಹೇಳಿದ್ದರೆ ಮಗಳು ಬರುತ್ತಿದ್ದಳು. ಮಗು ಹುಟ್ಟುವವರೆಗೂ ಪ್ರತಿ ದಿನ ಹೇಳಲು ಸಮಯವಿತ್ತು. ಒಂದೊಂದು ದಿನ ಸುಮ್ಮನಿದ್ದಂತೆಲ್ಲ, ಅಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಾಗಿ ಬಂತು.

ಎರಡು ವರ್ಷದ ಮೇಲೆ ನನಗೆ ಹೆರಿಗೆಯಾಯಿತು. ತವರಿಲ್ಲದವಳಿಗೆ ಎಣ್ಣೆ ಒತ್ತಿ ನೀರು ಹಾಕಲು ಬಂದವಳು ಯಾರು? ಚಿಕ್ಕವ್ವನೇ. ಕಂಡಿಯ ಮುಳ್ಳನ್ನು ಕತ್ತಿಯಲ್ಲಿ ಸರಿಸಿಕೊಂಡು ಬಂದಳು. ಅವಳಂತೂ ಮತ್ತೆ ಕೋಳಿ ಸಾಕಲಿಲ್ಲ. ಹುಣಸೂರು ಸಂತೆಯಿಂದ ಒಂದು ಹೇಟೆಕೋಳಿ ತಂದು, ಮೆಣಸು ಅರೆದು ಸಾರು ಮಾಡಿಕೊಟ್ಟಳು. ಉಂಡೆ. ಎರಡನೆಯ ಸಲ ಹಾಕಿಸಿಕೊಂಡೂ ಉಂಡೆ. ನಾಚಿಕೆಯಿಲ್ಲದ ಹೊಟ್ಟೆ.

ಒಂದು ದಿನ ಬಚ್ಚಲಲ್ಲಿ ತಡೆಯಲಾಗದೆ, "ಚಿಕ್ಕವ್ವ, ಅವತ್ತು ಮರಳು..." ಎಂದು ಶುರುಮಾಡಿದೆ. ಬಿಸಿನೀರು ಸುರಿಯುತ್ತಿದ್ದ ಅವಳ ಕೈ ನಿಂತಿತೋ, ನಿಂತಂತೆ ನನಗನ್ನಿಸಿತೋ... "ನೀರ್ ಉಯ್ಯುವಾಗ ಬಾಣ್ತಿ ಮಾತಾಡ್ಬಾರ್ದು, ಬುಡು. ಕಣ್ ಮುಚ್ಕೊ" ಎಂದಳು. ಮುಚ್ಚಿಕೊಂಡೆ. ಆಮೇಲೆ ಎಷ್ಟೋ ವರ್ಷ ದಿನವೂ ಮಾತಾಡಿದೆವು, ಆ ಮಾತೊಂದನ್ನು ಬಿಟ್ಟು.

ಹೋದ ವರ್ಷ ಚಿಕ್ಕವ್ವ ತೀರಿಕೊಂಡಳು. ತಿಥಿಗೆ ಬಂದಿದ್ದ ಮಗಳು ನನ್ನ ಪಕ್ಕದಲ್ಲೇ ಕೂತು, "ನನ್ ಮೊದಲ್ನೇ ಬಾಣ್ತನ ಮಾಡ್ಲಿಲ್ಲ ಅಂತ ಕಡೇಗಂಟ ಕೊರಗಿದ್ಲು ಕಣಕ್ಕ. ಅವ್ವ ಏನ್ ಮಾಡಾಳು, ಕೋಳಿಗೆ ಕಾಯ್ಲೆ ಬಂದ್ರೆ" ಎಂದಳು. ಅವಳ ಎಲೆಗೆ ಅನ್ನ ಬಡಿಸಿದೆ. ಅತ್ತೆ ಸತ್ತು ಎಷ್ಟೋ ಕಾಲವಾಗಿದೆ, ಈಗ ನನ್ನನ್ನು ಯಾರೂ ಮನೆಯಿಂದ ಅಟ್ಟುವುದಿಲ್ಲ. ಆದರೂ ಅನ್ನದ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.

ಅಂಗಡಿಯಿಂದ ಔಷಧಿ ತಂದು ನಿನ್ನೆ ಮರಳಿಗೆ ಬೆರೆಸಿ ಸಸಿಮಡಿಗೆ ಹಾಕಿದ್ದಾಯಿತು. ಮಿಕ್ಕಿದ್ದನ್ನು ಚೀಲಕ್ಕೆ ತುಂಬಿ, ಪ್ರತಿ ವರ್ಷದಂತೆ ಅದರ ಕುತ್ತಿಗೆಗೆ ಕೆಂಪು ಬಟ್ಟೆ ಬಿಗಿದೆ. ಬೇಲಿಯ ಕಂಡಿ ಈಗಲೂ ತೆರೆದೇ ಇದೆ. ಅಲ್ಲಿಂದ ಮರಳು ಕೇಳಲು ಯಾರೂ ಬರುವುದಿಲ್ಲ.