ಹೀಟರಿನೊಳಗಿನ ವಡೆ

ನಮ್ಮ ಹಳೇ ವ್ಯಾನಿನ ಹೀಟರಿನೊಳಗೆ ನನಗೆ ಏನು ಸಿಕ್ಕಿರಬಹುದು, ಊಹಿಸಿ ನೋಡೋಣ! ಬಿಸಿಗಾಳಿ ಸರಿಯಾಗಿ ಬರುತ್ತಿರಲಿಲ್ಲ, ಎಣ್ಣೆಯಲ್ಲಿ ಕರಿದ ವಾಸನೆ ಮಾತ್ರ ಬರುತ್ತಿತ್ತು. ಫಿಲ್ಟರ್ ಕಟ್ಟಿಕೊಂಡಿರಬೇಕೆಂದು ಗ್ಲೋವ್ ಬಾಕ್ಸ್ ಬಿಚ್ಚಿ, ಅದರ ಹಿಂದಿದ್ದ ಫಿಲ್ಟರನ್ನು ಎಳೆದೆ. ಒಣ ಎಲೆ, ಓಕ್ ಕಾಯಿಗಳ ಜೊತೆ ಮೂರು ಉದ್ದಿನ ವಡೆ ನನ್ನ ತೊಡೆಯ ಮೇಲೆ ಉರುಳಿದವು!

ಮಹಾಲಯ ಅಮಾವಾಸ್ಯೆಯಂದು ಅಪ್ಪನ ಹೆಸರಿನಲ್ಲಿ ಹಿತ್ತಲ ಮರದ ಜಗಲಿ, ಅದೇ ಡೆಕ್ ಮೇಲೆ ಕಾಗೆಗೆಂದು ಇಟ್ಟಿದ್ದ ವಡೆಗಳವು. ನಾವು ಒಳಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಎಲೆ ಖಾಲಿಯಾಗಿತ್ತು. "ಸಮುದ್ರ ದಾಟಿ ಈ ಬರ್ಲಿಂಗ್ಟನ್ನಿನವರೆಗೂ ಬಂದು ತಿಂದರಲ್ರೀ ಮಾವ" ಎಂದು ನನ್ನವಳು ಕಣ್ಣೊರೆಸಿಕೊಂಡಿದ್ದಳು. ಈಗ ನೋಡಿದರೆ ಬಂದದ್ದು ಅಳಿಲು! ಅವಳಿಗೆ ಏನಂತ ಹೇಳಲಿ?

ವಡೆಗಳನ್ನು ಮರೆಮಾಡೋಣ ಎನ್ನುವಷ್ಟರಲ್ಲಿ ಅವಳೇ ಕುಂಕುಮದ ತಟ್ಟೆ ಹಿಡಿದು ಬಂದಳು. ವಡೆ ನೋಡಿದಳು, ನನ್ನ ಮುಖ ನೋಡಿದಳು.

"ಮಾವನೇ ಕಣ್ರೀ, ಅನುಮಾನವೇ ಇಲ್ಲ! ಇದ್ದಾಗಲೂ ಕೊಟ್ಟದ್ದನ್ನು ತಿನ್ನದೆ ದಿಂಬಿನ ಕೆಳಗೆ ಎತ್ತಿಡ್ತಿರಲಿಲ್ವಾ?"

ಹೊಸ ಫಿಲ್ಟರ್ ಹಾಕಿದೆ, ಬಿಸಿಗಾಳಿ ಭರ್ರೆಂದು ಬಂತು. ಅವಳು ವ್ಯಾನಿಗೆ ಕುಂಕುಮ ಹಚ್ಚಿ, ಗ್ಲೋವ್ ಬಾಕ್ಸಿಗೂ ಒಂದು ಚಿಟಿಕೆ ಹಚ್ಚಿದಳು. ಇದೆಲ್ಲ ನಡೆದದ್ದು ಎರಡು ಸಾವಿರದ ಹದಿನೆಂಟರ ಆಯುಧಪೂಜೆಯ ದಿನ.