ಆರು ಪ್ರಶಸ್ತಿಗೆ ಎರಡು ಟ್ರೋಫಿ

ಹೋದ ವರ್ಷ ಇದು ನಡೆದಾಗ ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ನಾನು ಶೀಲ್ಡ್ ಅಂಗಡಿ ಹಾಕಿ ಮೂರು ವರ್ಷವಾಗಿತ್ತು. ಹೆಸರು ಮೌನೇಶ. ಎಂಟನೇ ಕ್ಲಾಸು ಫೇಲು. ಕ್ರಿಕೆಟ್ ಕಪ್, ಸನ್ಮಾನದ ಫಲಕ, ಶಾಲೆ ಗ್ಯಾದರಿಂಗಿನ ಮೆಡಲು, ಇವೇ ನನ್ನ ವ್ಯಾಪಾರ. ಟ್ರೋಫಿಯ ಮೂರ್ತಿಗಳು ಹೈದರಾಬಾದಿನಿಂದ ಡಬ್ಬಿಯಲ್ಲಿ ಬರುತ್ತವೆ. ನಾನು ಹೆಸರು ಕೊರೆಯುತ್ತೇನೆ. ಹಿತ್ತಾಳೆ ತಗಡನ್ನು ಸಣ್ಣಗೆ ಕತ್ತರಿಸಿ, ಮಷೀನಿನಲ್ಲಿ ಹೆಸರು ಕೊರೆದು, ಟ್ರೋಫಿಯ ಬುಡಕ್ಕೆ ಅಂಟಿಸಬೇಕು. ಆ ತಗಡಿಗೆ ಪ್ಲೇಟ್ ಅನ್ನುತ್ತೇವೆ. ಪ್ಲೇಟ್ ಇಲ್ಲದ ಟ್ರೋಫಿ ಯಾರದ್ದೂ ಅಲ್ಲ.

ಲಿಂಗಸುಗೂರಿನ ಪಂಪಾಪತಿ ಎನ್ನುವವರು ಆರ್ಡರ್ ಕೊಡಲು ಬಂದರು. ಗೊಬ್ಬರದ ಅಂಗಡಿಯವರು, ಒಂದು ಸಂಘದ ಅಧ್ಯಕ್ಷರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕಿನ ಹುಡುಗರು ಫೋನಿನಲ್ಲಿ ತೆಗೆದ ಕಿರುಚಿತ್ರಗಳಿಗೆ ಅವರ ಸಂಘ ವರ್ಷವರ್ಷ ಪ್ರಶಸ್ತಿ ಕೊಡುತ್ತದೆ. ಒಟ್ಟು ಆರು ಪ್ರಶಸ್ತಿ. ಒಂದೊಂದಕ್ಕೆ ಮೊದಲು ಮೂವರನ್ನು ಆರಿಸಿ ಹೆಸರು ಹೇಳುತ್ತಾರೆ, ಅದಕ್ಕೆ ನಾಮಿನೇಷನ್ ಅನ್ನುತ್ತಾರೆ. ಗೆದ್ದವರು ಯಾರು ಎಂದು ಸ್ಟೇಜಿನ ಮೇಲೆಯೇ ತಿಳಿಯುತ್ತದೆ. ಪಂಪಾಪತಿ ಆರಿಸಿದ ಮೂರ್ತಿ ಆಸ್ಕರ್ ನಮೂನೆಯದು. ಬೋಳು ತಲೆ, ಕೈಯಲ್ಲಿ ಕತ್ತಿ, ಮೈಯೆಲ್ಲ ಚಿನ್ನದ ಬಣ್ಣ. ಎರಡು ಕೊಡು ಎಂದರು.

ಪ್ರಶಸ್ತಿ ಆರಲ್ಲವೇ ಎಂದು ಕೇಳಿದೆ.

“ಆರೂ ಮಂದಿ ಒಮ್ಮೆಲೆ ಸ್ಟೇಜಿನ ಮ್ಯಾಲೆ ನಿಂದ್ರತಾರೇನು? ಒಬ್ಬೊಬ್ಬರ ಬರ್ತಾರ. ಫೋಟೊ ಆದ ಮ್ಯಾಲೆ ಹೆಸರು ಕೊರ್ಸಾಕಂತ ವಾಪಸ್ ಇಸ್ಕೋತೀವಿ. ಅಮೆರಿಕಾದಾಗ ಆಸ್ಕರ್‌ನೂ ಹಂಗ ಇಸ್ಕೋತಿದ್ರು. ಯುದ್ಧದಾಗ ಬರೇ ಪ್ಲಾಸ್ಟರ್ ಮೂರ್ತಿ ಕೊಟ್ಟು ಆಮ್ಯಾಲೆ ಬದಲಿ ಮಾಡ್ಯಾರ. ನಿನಗೇನ ಗೊತ್ತು ಅದ್ರ ಹಿಸ್ಟ್ರಿ?”

ಹಿಸ್ಟ್ರಿ ನನಗೆ ಗೊತ್ತಿರಲಿಲ್ಲ. ಆದರೆ ಹಿಂದಿನ ಎರಡು ವರ್ಷವೂ ಅವರು ಟ್ರೋಫಿ ಒಯ್ದದ್ದು ನನ್ನಲ್ಲಿಂದ. ಹೆಸರು ಕೊರೆಸಲು ಒಂದೂ ತಿರುಗಿ ಬಂದಿರಲಿಲ್ಲ. ಲಿಂಗಸುಗೂರಿನಲ್ಲೇ ಕೊರೆಸಿರಬಹುದು ಎಂದು ಅಲ್ಲಿಯ ಅಂಗಡಿಯವನಿಗೆ ಫೋನ್ ಮಾಡಿದೆ. ಅವನೂ ಕೊರೆದಿರಲಿಲ್ಲ. ಮಸ್ಕಿಯಲ್ಲಿ ಆಗ ಕೊರೆಯುವ ಮಷೀನೇ ಇರಲಿಲ್ಲ.

ಅಮೆರಿಕದ ಮಾತಾದರೂ ಸುಳ್ಳಿರಬೇಕು ಎಂದು ಊಟದ ಹೊತ್ತಿಗೆ ಯೂಟ್ಯೂಬ್ ಹಾಕಿ ನೋಡಿದೆ. ಖರೆ ಇತ್ತು. ಎರಡನೇ ಮಹಾಯುದ್ಧದಲ್ಲಿ ಲೋಹ ಸಿಗದೆ ಮೂರು ವರ್ಷ ಬಣ್ಣ ಬಳಿದ ಪ್ಲಾಸ್ಟರ್ ಮೂರ್ತಿ ಕೊಟ್ಟಿದ್ದರು, ಆಮೇಲೆ ಲೋಹದ್ದು ಕೊಟ್ಟರು. ಗೆದ್ದವರು ಹೆಸರು ಕೊರೆಸಲು ಮೂರ್ತಿ ವಾಪಸ್ ಕೊಡುತ್ತಿದ್ದುದೂ ನಿಜ. ಆದರೆ ವಿಡಿಯೊ ಅಲ್ಲಿಗೆ ಮುಗಿಯಲಿಲ್ಲ. ಈಗ ಅವರು ನಾಮಿನೇಷನ್ ಆದ ಎಲ್ಲರ ಹೆಸರಿನ ಪ್ಲೇಟನ್ನೂ ಮೊದಲೇ ಕೊರೆದಿಡುತ್ತಾರೆ. ಗೆದ್ದವರದ್ದು ಅದೇ ದಿನ ಹಚ್ಚಿಕೊಡುತ್ತಾರೆ, ಉಳಿದವು ಕರಗಿಸಲು ಹೋಗುತ್ತವೆ. ಪಂಪಾಪತಿ ಸುಳ್ಳು ಹೇಳಿರಲಿಲ್ಲ, ತಮಗೆ ಬೇಕಾದಷ್ಟೇ ಹೇಳಿದ್ದರು. ನನಗೆ ಸಂಶಯ ಇನ್ನೂ ಹೆಚ್ಚಾಯಿತು.

ಎರಡು ದಿನ ಬಿಟ್ಟು ತುರ್ವಿಹಾಳದ ಬಸ್ಸಿಳಿದು ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಹುಲಿಗೆಮ್ಮ, ಭತ್ತದ ನಾಟಿಗೆ ಹೋಗುವಾಕೆ. ಅದೇ ಊರಲ್ಲಿ ಮೊಬೈಲ್ ರಿಪೇರಿ ಮಾಡುವ ವೀರೇಶ ಎಂಬುವನ ಚಿತ್ರದಲ್ಲಿ ನಟಿಸಿ, ಉತ್ತಮ ನಟಿ ಪ್ರಶಸ್ತಿಗೆ ನಾಮಿನೇಷನ್ ಆಗಿದ್ದಳು. ಸಂಘದವರು ಟ್ರೋಫಿ ಒಯ್ಯುವುದು ನನ್ನಲ್ಲಿಂದ ಎಂದು ತಿಳಿದು ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗೆದ್ದರೆ ಮೂರ್ತಿಯನ್ನು ಕೈಗೇ ಕೊಡುತ್ತಾರೋ ಇಲ್ಲವೋ ಎಂದು ಕೇಳಿದಳು. ನನ್ನ ಬಾಯಿ ಬಿಡಿಸಲು ಪಂಪಾಪತಿಯೇ ಈಕೆಯನ್ನು ಕಳಿಸಿದ್ದಾರೆಯೇ ಎಂಬ ಗುಮಾನಿ ನನಗೆ. ಯಾಕೆ ಕೇಳುತ್ತೀ ಎಂದೆ.

ಮಸ್ಕಿಯಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆ ಹಿಂದಿನ ವರ್ಷ ಗೆದ್ದಿದ್ದಳಂತೆ. ಟ್ರೋಫಿ ಫೋಟೊದಲ್ಲಿದೆ, ಮನೆಯಲ್ಲಿ ಇಲ್ಲ. ಹುಲಿಗೆಮ್ಮನ ಮನೆಯಲ್ಲಿ ಹಾಗೆ ನಡೆಯುವಂತಿರಲಿಲ್ಲ. ಶೂಟಿಂಗ್ ನಡೆದಾಗಲೇ ಓಣಿಯಲ್ಲಿ ಗುಸುಗುಸು ಎದ್ದಿತ್ತು. ಖರೇನ ಪ್ರಶಸ್ತಿ ತಂದರೆ ಇನ್ನೊಂದು ಚಿತ್ರಕ್ಕೆ ಹೋಗು, ಇಲ್ಲದಿದ್ದರೆ ಇದೇ ಕಡೆಯದು ಎಂದು ಅತ್ತೆ ಹೇಳಿದ್ದಳು. ಗಂಡನೂ ಹೂಂ ಅಂದಿದ್ದ.

“ಫೋಟೊ ನಂಬಂಗಿಲ್ಲಣ್ಣ ನಮ್ಮತ್ತಿ. ಫೋನಿನಾಗ ಏನ ಬೇಕಾದ್ದ ಮಾಡ್ತಾರ ಅಂತಾಳ. ಕೈಯಾಗ ಹಿಡ್ಕೊಂಡು ಹೋದ್ರ ಅಷ್ಟ ಖರೇ.”

ವಾಪಸ್ ಕೇಳಿದರೆ ಕೊಡಬೇಡ ಎಂದೆ. ಕಸಿದುಕೊಂಡರೆ ಏನು ಮಾಡಲಿ ಎಂದಳು.

ಆಕೆ ಹೋದ ಮೇಲೆ ನಾಮಿನೇಷನ್ ಆದ ಎಲ್ಲರ ಪ್ಲೇಟನ್ನೂ ಕೊರೆದಿಟ್ಟೆ. ಹೆಸರುಗಳು ಊರ ತುಂಬ ಫ್ಲೆಕ್ಸಿನಲ್ಲೇ ಇದ್ದವು. ಆಕೆಯ ಮೇಲಿನ ಕರುಣೆಯಿಂದ ಮಾಡಿದ್ದಲ್ಲ. ಮೋಸ ಆದರೆ ಜನ ಮೊದಲು ಟ್ರೋಫಿ ಅಂಗಡಿಯವನನ್ನೇ ಬೈಯುತ್ತಾರೆ.

ಕಾರ್ಯಕ್ರಮ ಮಸ್ಕಿಯ ಒಂದು ಕಲ್ಯಾಣ ಮಂಟಪದಲ್ಲಿ. ಟ್ರೋಫಿ ಮುಟ್ಟಿಸಿ ನಾನು ಅಲ್ಲಿಯೇ ಕೂತೆ. ಪಂಪಾಪತಿ ಎರಡು ಸಲ ತಿರುಗಿ ನೋಡಿದರು. ಮೊದಲ ಪ್ರಶಸ್ತಿಯವನು ಬಂದ, ಅತಿಥಿ ಟ್ರೋಫಿ ಕೊಟ್ಟರು, ಫೋಟೊ ಆಯಿತು. ಸ್ಟೇಜಿನ ಮೆಟ್ಟಿಲ ಹತ್ತಿರ ನಿಂತಿದ್ದ ಸಂಘದ ಕಾರ್ಯಕರ್ತ ಹೆಸರು ಕೊರೆಸಿ ಮನೆಗೆ ಕಳಿಸುತ್ತೇವೆ ಎಂದು ಅದನ್ನು ಇಸಿದುಕೊಂಡು ಹಿಂದಿನ ಬಾಗಿಲಿನಿಂದ ಮತ್ತೆ ಸ್ಟೇಜಿಗೆ ಕಳಿಸಿದ. ನಾನು ಪ್ಲೇಟ್ ಹಿಡಿದು ಎದ್ದೆ. ಆಮೇಲೆ ನೋಡೋಣ ಕೂಡು ಎಂದು ನನ್ನ ಹೆಗಲು ಒತ್ತಿದ. ಎರಡನೆಯವನೂ ಕೊಟ್ಟ, ಮೂರನೆಯವನೂ ಕೊಟ್ಟ. ಅವೇ ಎರಡು ಮೂರ್ತಿ ಸುತ್ತುತ್ತಿದ್ದವು. ಸಭೆಯಲ್ಲಿ ಯಾರೂ ಗಮನಿಸಲಿಲ್ಲ.

ನಾಲ್ಕನೆಯದು ಉತ್ತಮ ನಟಿ. ಪಂಪಾಪತಿಯ ನೆಂಟರ ಹುಡುಗಿಯೂ ಆ ಮೂವರಲ್ಲಿ ಇದ್ದಳು, ಅವಳಿಗೇ ಹೋಗುತ್ತದೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಕರೆದದ್ದು ಹುಲಿಗೆಮ್ಮನನ್ನು.

ಮೆಟ್ಟಿಲಿಳಿದಾಗ ಕಾರ್ಯಕರ್ತ ಕೈ ಚಾಚಿದ. ಆಕೆ ಮೂರ್ತಿಯನ್ನು ಸೆರಗಿನೊಳಗೆ ಹಾಕಿ ಕಂಕುಳಲ್ಲಿ ಒತ್ತಿಕೊಂಡಳು. ಅವನು ಮೆಲ್ಲಗೆ ಹೇಳಿದ, ಆಮೇಲೆ ಜೋರಾಗಿ ಹೇಳಿದ. ಆಕೆ ಅಲುಗಲಿಲ್ಲ. ಪಂಪಾಪತಿಯೇ ಇಳಿದು ಬಂದರು.

“ಹೆಸರು ಬ್ಯಾಡೇನಬೇ ನಿನಗ?”

“ನನ್ನ ಹೆಸರು ನನಗ ಗೊತ್ತೈತ್ರಿ. ಇದು ಇದ್ರ ಸಾಕು.”

ಮುಂದಿನ ಸಾಲಿನವರು ನಕ್ಕರು. ನಾಲ್ಕಾರು ಫೋನು ಆ ಕಡೆ ತಿರುಗಿದವು. ಆಗ ನಾನು ಹೋಗಿ, ಹೆಸರು ತಂದಿದ್ದೇನೆ, ಇಲ್ಲಿಯೇ ಹಚ್ಚುತ್ತೇನೆ ಎಂದೆ. ಎಲ್ಲರ ಪ್ಲೇಟೂ ನನ್ನ ಜೇಬಿನಲ್ಲಿವೆ, ಅಮೆರಿಕದಲ್ಲಿ ಈಗ ಹೀಗೇ ಮಾಡುತ್ತಾರೆ ಎಂದೂ ಹೇಳಿದೆ. ಪಂಪಾಪತಿ ಫೋನುಗಳ ಕಡೆ ನೋಡಿ ನಕ್ಕರು. ನನ್ನ ಕಿವಿಯ ಹತ್ತಿರ ಬಂದಾಗ ನಗು ಇರಲಿಲ್ಲ.

“ನಿನ್ನ ಅಂಗಡಿ ಮುಂದ ಇನ್ನ ನನ್ನ ಗಾಡಿ ನಿಂದ್ರಂಗಿಲ್ಲ.”

ಇದನ್ನು ನೋಡಿ ಐದನೆಯವನೂ ತನ್ನದನ್ನು ಬಿಡಲಿಲ್ಲ. ಆರನೆಯದು ಉತ್ತಮ ಚಿತ್ರ, ಅದು ಬಂದದ್ದು ವೀರೇಶನಿಗೆ. ಕೊಡಲು ಮೂರ್ತಿಯೇ ಇಲ್ಲ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಅವನು ಸ್ಟೇಜಿನಿಂದಲೇ ಬಗ್ಗಿ ಹುಲಿಗೆಮ್ಮನನ್ನು ಕೇಳಿದ.

“ಯಕ್ಕಾ, ಒಂದು ಫೋಟೊಕ್ಕ ಕೊಡು. ಆಮ್ಯಾಲೆ ನಿಂದು ನಿನಗ.”

“ಎಲ್ಲಾರೂ ಹಂಗ ಅಂತಾರ ತಮ್ಮ.”

ಕೊಡಲಿಲ್ಲ. ಆಕೆಯನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದವನೇ ಅವನು. ಬುಟ್ಟಿ ಹಿಡಿದು ಫೋಟೊ ತೆಗೆಸಿಕೊಂಡು, ಆಕೆಯ ಕಡೆ ನೋಡದೆ ಹೊರಗೆ ಹೋದ. ಇದು ಅತಿಯಾಯಿತು ಎಂದು ನನಗನಿಸಿತು. ಪ್ಲೇಟ್ ಹಚ್ಚುವಾಗ ನನಗೂ ಅದೇ ಗತಿ. ಮೂರ್ತಿ ಕೊಡು ಎಂದರೆ ಕೊಡಲಿಲ್ಲ. ಕುರ್ಚಿಯ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟು, ಅದರ ಕುತ್ತಿಗೆ ಹಿಡಿದುಕೊಂಡು, ಹಿಂಗ ಹಚ್ಚು ಎಂದಳು. ಪ್ಲೇಟ್ ಸೊಟ್ಟಗೆ ಕೂತಿತು. ಸೊಟ್ಟನೇ ಇರಲಿ ಎಂದು ಎದ್ದು ಬಸ್ಸಿಗೆ ಹೋದಳು. ಮೊದಲ ಮೂವರು ಬಂದು ತಮ್ಮ ಪ್ಲೇಟ್ ಇಸಿದುಕೊಂಡರು. ಹಚ್ಚಲು ಅವರಿಗೆ ಟ್ರೋಫಿ ಇಂದಿಗೂ ಬಂದಿಲ್ಲ.

ವಾರ ಕಳೆದಿರಬೇಕು, ಒಂದು ಫೋನು ಬಂತು. ಹುಲಿಗೆಮ್ಮನ ಅತ್ತೆ. ಮೂರ್ತಿಯ ಬುಡ ತಿರುವಿ ನನ್ನ ಅಂಗಡಿಯ ಸ್ಟಿಕ್ಕರ್ ನೋಡಿ, ಪಕ್ಕದ ಮನೆಯವರಿಂದ ನಂಬರ್ ಒತ್ತಿಸಿದ್ದಳು.

“ನಮ್ಮ ಸೊಸಿ ಇದನ್ನ ನಿನ್ನ ಹತ್ರ ಕೊಂಡಾಳೋ, ಗೆದ್ದಾಳೋ?”

ಗೆದ್ದಿದ್ದಾಳೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ನೀನು ಮಾರುವವನು, ನೀನು ಹಾಗೇ ಅನ್ನುತ್ತೀ ಎಂದಳು. ಆಕೆಯೇ ಮತ್ತೆ ಕೇಳಿದಳು, ರಿಪೇರಿ ವೀರೇಶನಿಗೆ ಏನು ಸಿಕ್ಕಿತು? ನಡೆದದ್ದನ್ನು ಹೇಳಿದೆ. ನಿಮ್ಮ ಸೊಸೆ ಫೋಟೊಕ್ಕೂ ಕೊಡಲಿಲ್ಲ ಎಂದೆ.

ಆಕೆ ಅದನ್ನು ಪಕ್ಕದ ಮನೆಯವರಿಗೆ ಹೇಳಿ ಮತ್ತೆ ಫೋನಿಗೆ ಬಂದಳು.

“ಅದಕ್ಕ ಅವ ನಮ್ಮ ಮನಿ ಮುಂದ ಮಾರಿ ತಿರುವಿಕೊಂಡು ಹೊಂಟಾನ. ಸುಳ್ಳ ಪ್ರಶಸ್ತಿಗೆ ಯಾರೂ ಇಷ್ಟ ಸಿಟ್ಟಾಗಂಗಿಲ್ಲ. ಗೆದ್ದಾಳ ಬಿಡು.”

ಹುಲಿಗೆಮ್ಮ ಈಗ ಸಾಲಗುಂದದ ಹುಡುಗರ ಚಿತ್ರದಲ್ಲಿ ನಟಿಸುತ್ತಿದ್ದಾಳೆ. ವೀರೇಶ ಆಕೆಯ ಜೊತೆ ಇನ್ನೂ ಮಾತಾಡಿಲ್ಲ ಎಂದು ಕೇಳಿದ್ದೇನೆ. ಪಂಪಾಪತಿ ಟ್ರೋಫಿಯನ್ನು ಈಗ ರಾಯಚೂರಿನಿಂದ ತರಿಸುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಆರ್ಡರ್ ಕೊಡಲು ಬಂದವರಿಗೆ ಮೊದಲು ಎಷ್ಟು ಪ್ರಶಸ್ತಿ ಎಂದು ಕೇಳುತ್ತೇನೆ, ಆಮೇಲೆ ಎಷ್ಟು ಟ್ರೋಫಿ ಎಂದು. ಎರಡೂ ತಾಳೆಯಾಗದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತೇನೆ.